ಫೋನಿನ ಅಪ್‌ಡೇಟು: ಸರದಿಯೂ ಅಚ್ಚುಕಟ್ಟೂ

ಹೊಸ ಆಂಡ್ರಾಯ್ಡ್ ಬಿಡುಗಡೆಯಾಯಿತೆಂದು ಪತ್ರಿಕೆಯಲ್ಲಿ ಓದಿ, ಅಂದೇ ಸಂಜೆ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದವರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ನಿಮ್ಮ ಸಿಸ್ಟಮ್ ಅಪ್‌ಡೇಟ್ ಆಗಿದೆ. ಮರುದಿನವೂ ಅದೇ ಉತ್ತರ, ವಾರ ಕಳೆದರೂ ಅದೇ ಉತ್ತರ. ಅಷ್ಟರಲ್ಲಿ ಪಕ್ಕದ ಬೆಂಚಿನ ಗೆಳತಿಯ ಫೋನಿಗೆ, ಅದೂ ಅದೇ ಕಂಪನಿಯ ಅದೇ ಮಾದರಿಯ ಫೋನಿಗೆ, ಅಪ್‌ಡೇಟು ಬಂದಿಳಿದಿರುತ್ತದೆ. ಈ ಸಂಗತಿ ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷವೂ ಒಂದಷ್ಟು ಚರ್ಚೆಗೆ ಕಾರಣವಾಗುತ್ತದೆ. ಒಬ್ಬರು ಇದು ಸಿಮ್ಮಿನ ದೋಷವೆನ್ನುತ್ತಾರೆ. ಇನ್ನೊಬ್ಬರು ಹಳ್ಳಿಯ ನೆಟ್‌ವರ್ಕಿನ ದೋಷವೆನ್ನುತ್ತಾರೆ. ಮತ್ತೊಬ್ಬರು ಎಲ್ಲವೂ ಅದೃಷ್ಟವೆಂದು ಕೈಚೆಲ್ಲುತ್ತಾರೆ. ಮೂರನೆಯವರ ಮಾತಿನಲ್ಲಿ ಸ್ವಲ್ಪ ಸತ್ಯವುಂಟು. ಅಪ್‌ಡೇಟಿಗಾಗಿ ಕಾಯುವುದೆಂದರೇನು, ಕಾಯಬೇಕಾದವರು ಯಾರು, ಕಾದೂ ಪ್ರಯೋಜನವಿಲ್ಲದವರು ಯಾರು ಎಂಬುದನ್ನು ಇಲ್ಲಿ ಕೊಂಚ ವಿವೇಚಿಸಬೇಕೆಂದಿದ್ದೇನೆ. ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಆದರೆ ಫೋನು ವಿಜ್ಞಾನದವರ ಸ್ವತ್ತು ಮಾತ್ರವೂ ಅಲ್ಲವಷ್ಟೆ.

ನಮ್ಮ ಸೀಮೆಯವರಿಗೆ ಈ ವಿಷಯವನ್ನು ತಿಳಿಸಲು ತುಂಗಭದ್ರೆಯ ಕಾಲುವೆಗಿಂತ ಒಳ್ಳೆಯ ಉಪಮಾನ ನನಗೆ ತೋರುವುದಿಲ್ಲ. ಹೊಸಪೇಟೆಯ ಬಳಿ ೧೯೫೩ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ನೀರು ಬಿಟ್ಟರೆಂದು ಸುದ್ದಿಯಾದ ದಿನವೇ ಅದು ಎಲ್ಲರ ಹೊಲಕ್ಕೂ ಮುಟ್ಟುವುದಿಲ್ಲ. ಎಡದಂಡೆಯ ಕಾಲುವೆ ೨೨೦ ಕಿಲೋಮೀಟರಿಗೂ ಮಿಕ್ಕ ಉದ್ದವುಳ್ಳದ್ದು. ಮೇಲ್ಭಾಗದವರ ಗದ್ದೆಗಳು ತುಂಬಿದ ಮೇಲೂ ರಾಯಚೂರು ಕಡೆಯ ಕೊನೆಭಾಗದ ರೈತರು ತೂಬಿನ ಕಡೆ ಕಣ್ಣಿಟ್ಟು ಕುಳಿತಿರುತ್ತಾರೆ. ಇವರು ಕಾಯುವವರು. ನಮ್ಮ ಬಂಡ್ರಿಯ ರೈತನಾದರೋ ಕಾಲುವೆಯ ನೀರಿಗೆ ಕಾಯುವುದೇ ಇಲ್ಲ. ನಮ್ಮ ಹೊಲಗಳು ಆ ಅಚ್ಚುಕಟ್ಟಿನೊಳಗೆ ಸೇರಿದವಲ್ಲ. ಮಳೆ ಮತ್ತು ಬೋರ್‌ವೆಲ್ಲುಗಳೇ ಅವಕ್ಕೆ ಗತಿ. ನೀರು ತಡವಾಗಿ ಬರುವುದು ಬೇರೆ, ನೀರಿನ ಲೆಕ್ಕದಲ್ಲಿಯೇ ಸೇರದಿರುವುದು ಬೇರೆ. ವಾಚಕರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮೊದಲು ಸರದಿಯ ವಿಷಯ. ಆಂಡ್ರಾಯ್ಡ್ ವ್ಯವಸ್ಥೆಯನ್ನು ತಯಾರಿಸಿ ಹೊರತರುವುದು ಗೂಗಲ್ ಸಂಸ್ಥೆ. ಆದರೆ ಅದು ನೇರವಾಗಿ ನಮ್ಮ ಕೈಗೆ ಬರುವಂಥದಲ್ಲ. ಫೋನಿನ ಮಿದುಳಾದ ಚಿಪ್ಪನ್ನು ಕ್ವಾಲ್ಕಾಮ್, ಮೀಡಿಯಾಟೆಕ್ ಮೊದಲಾದ ಬೇರೆ ಕಂಪನಿಗಳು ಮಾಡುತ್ತವೆ. ಹೊಸ ವ್ಯವಸ್ಥೆ ಆ ಚಿಪ್ಪಿನೊಡನೆ ಹೊಂದಿಕೊಳ್ಳುವಂತೆ ಅವರು ತಮ್ಮ ಭಾಗವನ್ನು ತಿದ್ದಬೇಕು. ಅನಂತರ ಫೋನಿನ ತಯಾರಕರು ಅದಕ್ಕೆ ತಮ್ಮದೇ ಆದ ಉಡುಗೆ ತೊಡಿಸಿ, ಪ್ರತಿಯೊಂದು ಮಾದರಿಯ ಮೇಲೂ ಪ್ರತ್ಯೇಕವಾಗಿ ಪರೀಕ್ಷೆ ನಡೆಸಬೇಕು. ಕೆಲವು ದೇಶಗಳಲ್ಲಿ ದೂರವಾಣಿ ಸಂಸ್ಥೆಗಳ ಒಪ್ಪಿಗೆಯೂ ಬೇಕು. ಆ್ಯಪಲ್ ಕಂಪನಿ ಫೋನು, ವ್ಯವಸ್ಥೆ ಎರಡನ್ನೂ ತಾನೇ ಮಾಡುವುದರಿಂದ ಅದಕ್ಕೆ ಈ ಗೊಡವೆಯಿಲ್ಲ. ಇಷ್ಟು ಕೈ ದಾಟಿ ಬರುವ ಆಂಡ್ರಾಯ್ಡಿಗೆ ತಿಂಗಳುಗಳು ಹಿಡಿಯುತ್ತಿದ್ದುವು. ಇದನ್ನು ಕಡಿಮೆ ಮಾಡಲು ಗೂಗಲ್ ೨೦೧೭ರ ಆಂಡ್ರಾಯ್ಡ್ ೮ರಲ್ಲಿ 'ಟ್ರೆಬಲ್' ಎಂಬ ಏರ್ಪಾಡು ಮಾಡಿ, ಚಿಪ್ಪಿಗೆ ಸಂಬಂಧಿಸಿದ ಭಾಗವನ್ನೂ ಉಳಿದ ವ್ಯವಸ್ಥೆಯನ್ನೂ ಬೇರ್ಪಡಿಸಿತು. ೨೦೧೯ರ ಆಂಡ್ರಾಯ್ಡ್ ೧೦ರಲ್ಲಿ ವ್ಯವಸ್ಥೆಯ ಕೆಲವು ಬಿಡಿಭಾಗಗಳನ್ನು ಪ್ಲೇ ಸ್ಟೋರಿನ ಮಾರ್ಗವಾಗಿಯೇ ಕಳುಹಿಸುವ ಕ್ರಮವೂ ಬಂದಿತು. ಕಾಲುವೆಗೆ ಸಿಮೆಂಟಿನ ಹಾಸು ಹಾಕಿದಂತೆ ಇದು. ನೀರು ಬೇಗ ಹರಿಯುತ್ತದೆ, ಕಾಲುವೆ ಮಾತ್ರ ಹೊಸ ಊರಿಗೆ ಹೋಗುವುದಿಲ್ಲ.

ಸರಿ, ತಯಾರಕರ ಕೆಲಸವೆಲ್ಲ ಮುಗಿದು ಅಪ್‌ಡೇಟು ಸಿದ್ಧವಾಯಿತು. ಆಗಲೂ ಎಲ್ಲರಿಗೂ ಒಮ್ಮೆಗೇ ಏಕೆ ಬರುವುದಿಲ್ಲ? ಇದಕ್ಕೆ ೨೦೧೩ರಲ್ಲಿ ಗೂಗಲ್ಲಿನ ಎಂಜಿನಿಯರ್ ಡ್ಯಾನ್ ಮೊರಿಲ್ ಎಂಬವರು ಬಹಿರಂಗವಾಗಿಯೇ ವಿವರಣೆ ಕೊಟ್ಟಿದ್ದರು. ಮೊದಲು ನೂರಕ್ಕೆ ಒಂದು ಪಾಲು ಫೋನುಗಳಿಗೆ ಮಾತ್ರ ಕಳುಹಿಸಿ ಒಂದೆರಡು ದಿನ ನೋಡುತ್ತಾರೆ. ಆ ಫೋನುಗಳು ಸರಿಯಾಗಿ ಎದ್ದು ಕುಳಿತುವೇ, ದೋಷದ ವರದಿಗಳು ಬರುತ್ತಿವೆಯೇ ಎಂದು ಪರಿಶೀಲಿಸುತ್ತಾರೆ. ಏನೂ ತೊಂದರೆ ಕಾಣದಿದ್ದರೆ ನೂರಕ್ಕೆ ಇಪ್ಪತ್ತೈದು, ಐವತ್ತು, ಕೊನೆಗೆ ನೂರು ಎಂದು ಏರಿಸುತ್ತ ಹೋಗುತ್ತಾರೆ. ಆ ಮೊದಲ ಪಾಲಿಗೆ ಯಾವ ಫೋನು ಸೇರಬೇಕೆಂಬುದು ಲಾಟರಿಯ ಚೀಟಿ ಎತ್ತಿದ ಹಾಗೆ. ಅದರಲ್ಲಿ ಬೆಂಗಳೂರು ಮುಂದು, ಬಂಡ್ರಿ ಹಿಂದು ಎಂಬುದಿಲ್ಲ. ಕೆಲವು ತಯಾರಕರು ದೇಶ ದೇಶವಾಗಿ ಬಿಡುವುದುಂಟು. ಅದು ಬೇರೆ ಮಾತು. ಸರದಿ ಬಾರದ ಫೋನಿನಲ್ಲಿ ಪರೀಕ್ಷಿಸುವ ಗುಂಡಿಯನ್ನು ಪದೇ ಪದೇ ಒತ್ತುವುದರಿಂದ ಪ್ರಯೋಜನವಿಲ್ಲವೆಂದೂ ಅವರು ತಿಳಿಸಿದ್ದರು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಆ ಗುಂಡಿ ಒತ್ತುವ ವ್ರತ ಇನ್ನೂ ನಿಂತಿಲ್ಲ.

ಈ ನಿಧಾನ ಅಗತ್ಯವೇ ಎಂದು ಕೇಳುವವರಿಗೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ೨೦೧೪ರ ಸೆಪ್ಟೆಂಬರ್ ೨೪ರಂದು ಆ್ಯಪಲ್ ಹೊರಡಿಸಿದ ಐಓಎಸ್ ೮.೦.೧ ಎಂಬ ಅಪ್‌ಡೇಟನ್ನು ಹಾಕಿಕೊಂಡ ಹೊಸ ಐಫೋನುಗಳಲ್ಲಿ ಕರೆ ಮಾಡುವ ಶಕ್ತಿಯೇ ಹೋಯಿತು. ಫೋನು ಫೋನಾಗಿ ಉಳಿಯಲಿಲ್ಲ. ಸುಮಾರು ಒಂದು ಗಂಟೆಯಲ್ಲಿ ಅದನ್ನು ಹಿಂದೆಗೆದುಕೊಂಡದ್ದರಿಂದ ತೊಂದರೆಗೊಳಗಾದವು ೪೦,೦೦೦ಕ್ಕಿಂತ ಕಡಿಮೆಯೆಂದು ಕಂಪನಿ ಹೇಳಿತು. ಎರಡನೆಯದು ಫೋನಿನದಲ್ಲ, ಕಂಪ್ಯೂಟರಿನದು. ಆದರೆ ಪಾಠ ಅದರಿಂದಲೇ ಹೆಚ್ಚು ಸ್ಪಷ್ಟವಾಗುತ್ತದೆ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪನಿ ಒಂದು ಸಣ್ಣ ಅಪ್‌ಡೇಟನ್ನು ಸರದಿಯಿಲ್ಲದೆ ಒಮ್ಮೆಗೇ ಬಿಟ್ಟಿತು. ಜಗತ್ತಿನಲ್ಲಿ ಸುಮಾರು ೮೫ ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟುವು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸು ಕೊಡಬೇಕಾಯಿತು. ಆಮೇಲೆ ಆ ಕಂಪನಿಯೂ ಹಂತಹಂತವಾಗಿ ಬಿಡುವ ಪದ್ಧತಿಗೆ ಬಂದಿತು. ಹೀಗಾಗಿ ಹಿಂದಿನ ಸಾಲಿನಲ್ಲಿ ನಿಂತವನ ಸಲುವಾಗಿ ಮುಂದಿನ ಸಾಲಿನವನು ಕೆಸರು ತುಳಿದು ದಾರಿ ನೋಡುತ್ತಾನೆಂದೇ ತಿಳಿಯಬೇಕು. ಈ ಬಗೆಯ ಕಾಯುವಿಕೆಗೆ ನನ್ನ ಆಕ್ಷೇಪಣೆಯಿಲ್ಲ.

ಕಾಯುವಿಕೆ ಬೇಸರ ತರುವುದು ನಿಜ. ನಮ್ಮ ದೇಶದಲ್ಲಿ ೨೦೨೨ರ ಅಕ್ಟೋಬರ್ ೧ರಂದು ೫ಜಿ ಸೇವೆ ಉದ್ಘಾಟನೆಯಾಯಿತು. ಬೆಂಗಳೂರಿನಲ್ಲಿ ಗೋಪುರ ಸಿದ್ಧ, ಕೈಯಲ್ಲಿ ೫ಜಿ ಎಂದು ಬರೆದ ಐಫೋನು ಸಿದ್ಧ. ಆದರೆ ಫೋನಿನೊಳಗಿನ ಬೀಗ ತೆರೆಯುವ ಐಓಎಸ್ ೧೬.೨ ಬಂದದ್ದು ಡಿಸೆಂಬರ್ ತಿಂಗಳಿನಲ್ಲಿ. ಎರಡೂವರೆ ತಿಂಗಳ ಆ ಕಾಯುವಿಕೆಯ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಗೆ ಲೆಕ್ಕವಿಲ್ಲ. ಬೆಲೆಬಾಳುವ ಫೋನುಗಳವರ ಕಾಯುವಿಕೆಗೆ ಸುದ್ದಿಯಾಗುವ ಭಾಗ್ಯವಿರುತ್ತದೆ.

ಇನ್ನು ಅಚ್ಚುಕಟ್ಟಿನ ಹೊರಗಿರುವವರ ವಿಷಯ. ಇದಕ್ಕೆ ನಮ್ಮ ಕನ್ನಡಕ್ಕಿಂತ ತಕ್ಕ ಉದಾಹರಣೆ ಬೇಕಿಲ್ಲ. ಇಂದು ಎಂಥ ಅಗ್ಗದ ಫೋನಿನಲ್ಲಿಯೂ ಕನ್ನಡ ಓದುತ್ತೇವೆ. ಆದರೆ ಆಂಡ್ರಾಯ್ಡಿನಲ್ಲಿ ಕನ್ನಡ ಲಿಪಿ ಸರಿಯಾಗಿ ಮೂಡುವ ಏರ್ಪಾಡು ಬಂದದ್ದು ೨೦೧೨ರ ಆಂಡ್ರಾಯ್ಡ್ ೪.೧ರಲ್ಲಿ, ತೆಲುಗು ಮಲಯಾಳಗಳ ಜೊತೆಯಲ್ಲಿ. ಹಿಂದಿನ ವರ್ಷದ ೪.೦ರಲ್ಲಿಯೇ ದೇವನಾಗರಿ, ತಮಿಳು, ಬಂಗಾಳಿ ಲಿಪಿಗಳು ಬಂದುಬಿಟ್ಟಿದ್ದುವು.

ಲಿಪಿ ಮೂಡುವುದೆಂದರೆ ಅಕ್ಷರದ ಅಚ್ಚುಗಳಿದ್ದರೆ ಸಾಲದು. ನಮ್ಮೂರ ಹೆಸರನ್ನೇ ತೆಗೆದುಕೊಳ್ಳೋಣ. 'ಬಂಡ್ರಿ' ಎಂದು ಬರೆಯಲು ಯೂನಿಕೋಡ್ ಕ್ರಮದಲ್ಲಿ ಆರು ಸಂಕೇತಗಳು ಬೇಕು: ಬಕಾರ, ಸೊನ್ನೆ, ಡಕಾರ, ಸ್ವರವನ್ನು ಕಳೆಯುವ ಹಲಂತ, ರಕಾರ, ಗುಡಿಸು. ಗುಡಿಸು ಕ್ರಮದಲ್ಲಿ ರಕಾರದ ನಂತರ ಬರುತ್ತದೆ. ಆದರೆ ಬರೆಯುವಾಗ ಅದು ಹತ್ತಿ ಕುಳಿತುಕೊಳ್ಳುವುದು ಡಕಾರದ ತಲೆಯ ಮೇಲೆ. ರಕಾರವೋ ಒತ್ತಾಗಿ ಕೆಳಗಿಳಿಯುತ್ತದೆ. ಒಂದನೆಯ ತರಗತಿಯ ಮಗು ಕೈಬರಹದಲ್ಲಿ ಮಾಡುವ ಈ ಕೆಲಸವನ್ನು ಫೋನಿಗೆ ಯಾರಾದರೂ ಕಲಿಸಬೇಕು. ಕಲಿಸದಿದ್ದರೆ ಅಚ್ಚಿರುವ ಫೋನು 'ಬಂಡ್' ಎಂದೊಮ್ಮೆ 'ರಿ' ಎಂದೊಮ್ಮೆ ತುಂಡು ತುಂಡಾಗಿ ತೋರಿಸುತ್ತದೆ; ಅಚ್ಚೂ ಇಲ್ಲದ ಫೋನು ಬರಿಯ ಚೌಕಗಳನ್ನು ಸಾಲಾಗಿ ನಿಲ್ಲಿಸುತ್ತದೆ.

೪.೧ ಈ ಪಾಠವನ್ನು ಕಲಿತು ಬಂದಿತು. ಆದರೆ ಅದು ಯಾರ ಫೋನಿಗೆ ಬಂದಿತು? ಆಗ ಜನರ ಕೈಯಲ್ಲಿದ್ದ ಅಗ್ಗದ ಫೋನುಗಳಲ್ಲಿ ಬಹಳಷ್ಟು ೨.೩ನೆಯ ಆವೃತ್ತಿಯವು. ಹೊಸತು ಬಂದು ಒಂದು ವರ್ಷವಾದ ಮೇಲೂ, ೨೦೧೩ರ ಜುಲೈಯಲ್ಲಿ, ಗೂಗಲ್ಲೇ ಪ್ರಕಟಿಸಿದ ಲೆಕ್ಕದ ಪ್ರಕಾರ ಜಗತ್ತಿನ ಆಂಡ್ರಾಯ್ಡ್ ಫೋನುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ೨.೩ರಲ್ಲಿಯೇ ನಿಂತಿದ್ದುವು. ಅಂಥ ಫೋನು ಹಿಡಿದವರು ಕನ್ನಡ ಓದಬೇಕಾದರೆ ಒಪೆರಾ ಮಿನಿ ಎಂಬ ಬ್ರೌಸರಿನಲ್ಲಿ ಒಂದು ಗುಪ್ತ ಪುಟ ತೆರೆದು, ಅಕ್ಷರಗಳನ್ನು ಚಿತ್ರಗಳಾಗಿ ತರಿಸುವ ಆಯ್ಕೆಯನ್ನು ಒತ್ತಬೇಕಾಗಿತ್ತು. ಉಪಾಯವೇನೋ ಚೆನ್ನಾದುದೇ, ಆದರೆ ಅದರ ವಿವರಗಳೆಲ್ಲ ಇಂಗ್ಲಿಷಿನಲ್ಲಿದ್ದುವು. ಅಂದರೆ ಕನ್ನಡ ಮಾತ್ರ ಬಲ್ಲವನು ಕನ್ನಡ ಓದಲು ಮೊದಲು ಇಂಗ್ಲಿಷು ಓದಬೇಕು! ಅವರಲ್ಲಿ ಬಹುಮಂದಿಗೆ ಕನ್ನಡ ಬಂದದ್ದು ಅಪ್‌ಡೇಟಿನ ಮೂಲಕವಲ್ಲ, ಹಳೆಯ ಫೋನು ಕೆಟ್ಟು ಹೊಸದನ್ನು ಕೊಂಡಾಗ. ಫೋನಿನ ಸೂಚನೆಗಳೂ ಆಯ್ಕೆಪಟ್ಟಿಗಳೂ ಕನ್ನಡದಲ್ಲಿ ದೊರೆತದ್ದು ಇನ್ನೂ ತಡವಾಗಿ, ೨೦೧೪ರ ಆಂಡ್ರಾಯ್ಡ್ ೫ರಲ್ಲಿ.

ಇದು ಮುಗಿದ ಕಥೆಯೆಂದು ಯಾರೂ ತಿಳಿಯಬಾರದು. ಲಿಪಿಯ ಪ್ರಶ್ನೆ ಮುಗಿಯಿತು, ಅಚ್ಚುಕಟ್ಟಿನ ಪ್ರಶ್ನೆ ಉಳಿದಿದೆ. ೨೦೨೫ರ ಜನವರಿಯಿಂದ ವಾಟ್ಸಾಪ್ ಆಂಡ್ರಾಯ್ಡ್ ೫ಕ್ಕಿಂತ ಹಳೆಯ ಫೋನುಗಳನ್ನು ಕೈಬಿಟ್ಟಿತು. ಪಾಠದ ಟಿಪ್ಪಣಿ, ಪರೀಕ್ಷೆಯ ವೇಳಾಪಟ್ಟಿ ಎರಡೂ ವಾಟ್ಸಾಪಿನಲ್ಲಿಯೇ ಬರುವ ಈ ಕಾಲದಲ್ಲಿ ಇದರ ಅರ್ಥವನ್ನು ಸಹಪಾಠಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ನನ್ನ ಮುಖ್ಯ ಆಕ್ಷೇಪಣೆ ಇರುವುದು ಇಲ್ಲಿ. ನೂರರಲ್ಲಿ ಕೊನೆಯವನಾಗಿ ಸರದಿಯಲ್ಲಿ ನಿಂತ ಫೋನೂ, ತಯಾರಕರು ಎರಡು ವರ್ಷದ ಹಿಂದೆಯೇ ಪಟ್ಟಿಯಿಂದ ಹೊಡೆದುಹಾಕಿದ ಫೋನೂ, ಕೇಳಿದಾಗ ಒಂದೇ ಉತ್ತರ ಕೊಡುತ್ತವೆ: ಅಪ್‌ಡೇಟ್ ಆಗಿದೆ. ಒಬ್ಬನಿಗೆ 'ನಾಳೆ ಬಾ' ಎಂದೂ ಇನ್ನೊಬ್ಬನಿಗೆ 'ಇನ್ನು ಬರಬೇಡ' ಎಂದೂ ಹೇಳಬೇಕಾದಲ್ಲಿ ಇಬ್ಬರಿಗೂ 'ನಿನಗೇನೂ ಕಡಿಮೆಯಿಲ್ಲ' ಎಂದು ಹೇಳಿದ ಹಾಗೆ. ನಮ್ಮ ತಂದೆಯವರಿಗೆ ಅಕ್ಷರ ಬಲ್ಲದ್ದು ಕನ್ನಡದಲ್ಲಿ ಮಾತ್ರ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ಅವರು ಫೋನಿನಲ್ಲಿ ಆ ವಾಕ್ಯವನ್ನು ಓದಿಸಿಕೊಂಡು "ಹಂಗಾದ್ರೆ ಎಲ್ಲಾ ಸರಿ ಐತಿ ಬಿಡು" ಎಂದರು. ಹಣ ಕಳುಹಿಸುವ ಕೆಲಸವನ್ನೂ ಅವರು ಆ ಫೋನಿನಲ್ಲಿಯೇ ಮಾಡುವುದರಿಂದ ನನಗೆ ಸಮಾಧಾನವಾಗಲಿಲ್ಲ.

ನಿಜವನ್ನು ತಿಳಿಯಲು ಒಂದು ದಾರಿಯುಂಟು. ೨೦೧೫ರ ಆಗಸ್ಟಿನಿಂದ ಗೂಗಲ್ ತಿಂಗಳು ತಿಂಗಳಿಗೂ ಆಂಡ್ರಾಯ್ಡಿನ ರಕ್ಷಣಾ ದೋಷಗಳ ಪಟ್ಟಿಯನ್ನು, ಅವುಗಳ ಪರಿಹಾರದೊಡನೆ, ಪ್ರಕಟಿಸುತ್ತ ಬಂದಿದೆ. ಪ್ರತಿ ಫೋನಿನ 'ಫೋನ್ ಕುರಿತು' ಎಂಬ ಪುಟದಲ್ಲಿ, ಅದು ಎಲ್ಲಿಯವರೆಗಿನ ಪರಿಹಾರಗಳನ್ನು ಪಡೆದಿದೆಯೆಂಬ ತಾರೀಖು ಇರುತ್ತದೆ. ಮೇಲಿನ ವಾಕ್ಯ ಏನನ್ನೇ ಹೇಳಲಿ, ಈ ತಾರೀಖು ಮರೆಮಾಚುವುದಿಲ್ಲ. ಅದು ಕೆಲವು ತಿಂಗಳು ಹಿಂದಿನದಾದರೆ ನೀವು ಸರದಿಯಲ್ಲಿದ್ದೀರಿ, ಕಾಯಿರಿ. ವರ್ಷಗಳ ಹಿಂದಿನದಾದರೆ ನಿಮ್ಮ ಹೊಲದ ಕಡೆ ಕಾಲುವೆ ಬರುವಂತಿಲ್ಲ. ಆ ಫೋನಿನಲ್ಲಿ ಮಾತಾಡಬಹುದು, ಹಾಡು ಕೇಳಬಹುದು. ಬ್ಯಾಂಕಿನ ವ್ಯವಹಾರವನ್ನು ಬೇರೆ ಫೋನಿಗೆ ಸಾಗಿಸುವುದು ಮೇಲು.

ಫೋನು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಯೂ ಇದೇ. ೨೦೨೩ರ ಪಿಕ್ಸೆಲ್ ೮ಕ್ಕೂ ೨೦೨೪ರ ಗ್ಯಾಲಕ್ಸಿ ಎಸ್ ೨೪ಕ್ಕೂ ತಯಾರಕರು ಏಳು ವರ್ಷಗಳ ಅಪ್‌ಡೇಟಿನ ಭರವಸೆ ಕೊಟ್ಟರು. ಯೂರೋಪಿನ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ ಹೊಸ ನಿಯಮ ಬಂದಿದೆ; ಮಾದರಿಯೊಂದರ ಮಾರಾಟ ನಿಂತ ಮೇಲೂ ಐದು ವರ್ಷ ಅದಕ್ಕೆ ಅಪ್‌ಡೇಟು ಒದಗಿಸಬೇಕು. ನಾವು ಹತ್ತು ಸಾವಿರದೊಳಗೆ ಕೊಳ್ಳುವ ಫೋನುಗಳ ಡಬ್ಬಿಯ ಮೇಲೆ ಕ್ಯಾಮರಾದ ಮೆಗಾಪಿಕ್ಸೆಲ್ ದಪ್ಪಕ್ಷರದಲ್ಲಿರುತ್ತದೆ, ವರ್ಷದ ಲೆಕ್ಕವನ್ನು ಅಂಗಡಿಯವನನ್ನು ಕೇಳಿ ತಿಳಿಯಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಈ ವರ್ಷಗಳನ್ನು ಸಾಮಾನ್ಯವಾಗಿ ಎಣಿಸುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಮೂರು ವರ್ಷದ ಭರವಸೆಯಿದ್ದ ಮಾದರಿಯನ್ನು ಎರಡು ವರ್ಷ ತಡವಾಗಿ, ಹಬ್ಬದ ರಿಯಾಯಿತಿಯಲ್ಲಿಯೋ ಹಳೆಯ ಫೋನುಗಳ ಅಂಗಡಿಯಲ್ಲಿಯೋ ಕೊಂಡವನಿಗೆ ಉಳಿಯುವುದು ಒಂದು ವರ್ಷ. ತಂದೆಯವರ ಫೋನು ಅಂಥದೇ. ಅದರ 'ಫೋನ್ ಕುರಿತು' ಪುಟವನ್ನು ತೆರೆದು ನೋಡಿದೆ. ತಾರೀಖು ೨೦೨೧ರದು, ಹೊಸಪೇಟೆ ಜಿಲ್ಲಾ ಕೇಂದ್ರವಾದ ವರ್ಷದ್ದು.