ರಾಂಪುರ ಹಳೇ ಊರು ಅಂತ ಯಾರು ಹೇಳಿದ್ದು?

ಕನ್ನಡ ವಿಕಿಪೀಡಿಯಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಬಗ್ಗೆ ಬರೆಯೋಕೆ ಕೂತಾಗ ನಮ್ಮ ಮೊದಲ ಸಾಲು ಹೀಗಿತ್ತು: "ಇದು ಬಹಳ ಪ್ರಾಚೀನ ಊರು." "ಯಾರು ಹೇಳಿದ್ದು?" ಅಂತ ಗೆಳತಿ ಕೇಳಿದಳು. ಉತ್ತರ ಇರಲಿಲ್ಲ. ನಾವೇ ಅಳಿಸಿದೆವು.

ಆಧಾರ ಹುಡುಕಿದಾಗ ಸಿಕ್ಕಿದ್ದು ಅದೇ ತಾಲ್ಲೂಕಿನ ಬ್ರಹ್ಮಗಿರಿ. ಅಲ್ಲಿನ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಪತ್ತೆಹಚ್ಚಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದರು. ವರದಿ 'ಏನ್ಷಿಯಂಟ್ ಇಂಡಿಯಾ' 4ನೇ ಸಂಚಿಕೆಯಲ್ಲಿದೆ. ಆದರೆ ಅದು ಬ್ರಹ್ಮಗಿರಿಗೆ ಆಧಾರ. ಅದನ್ನೇ ತಂದು ರಾಂಪುರಕ್ಕೆ ಅಂಟಿಸಿದರೆ ಉಲ್ಲೇಖ ಇದ್ದೂ ಸುಳ್ಳು ಬರೆದ ಹಾಗೆ.

ಹೊಸದಾಗಿ ಬರೆಯೋರಿಗೆ ನಾವು ಹೇಳೋದು ಇಷ್ಟೇ:

1. ಒಂದು ವಾಕ್ಯದಲ್ಲಿ ಒಂದೇ ಸಂಗತಿ ಇರಲಿ.
2. ಆಧಾರದ ಪುಟವನ್ನು ನೀವೇ ಓದಿ. ಅದು ಹೇಳಿದ್ದಷ್ಟನ್ನೇ ನಿಮ್ಮ ಮಾತಲ್ಲಿ ಬರೆಯಿರಿ.
3. ವಾಕ್ಯದ ಕೊನೆಗೇ ಉಲ್ಲೇಖ ಸೇರಿಸಿ: ಲೇಖಕ, ಶೀರ್ಷಿಕೆ, ವರ್ಷ, ಪುಟ.
4. ಜನಸಂಖ್ಯೆಗೆ 2011ರ ಜನಗಣತಿ ನೋಡಿ, ಅಂದಾಜು ಬೇಡ.

ಹಾಗಾದ್ರೆ ಅಜ್ಜಿ ಹೇಳಿದ ಊರಿನ ಕಥೆ? ಅದು ಸುಳ್ಳು ಅಂತಲ್ಲ, ಓದುಗರು ಪರೀಕ್ಷಿಸೋಕಾಗಲ್ಲ ಅಷ್ಟೇ. ವಿಕಿಪೀಡಿಯಕ್ಕೆ ಹಾಕಬೇಡಿ, ಆದರೆ ಇವತ್ತೇ ಕೇಳಿ, ಬರೆದಿಟ್ಟುಕೊಳ್ಳಿ. ಅದಕ್ಕೆ ಅಜ್ಜಿ ಬಿಟ್ಟರೆ ಬೇರೆ ಪ್ರತಿ ಇಲ್ಲ.