ಮೊದಲ ದೀಪ ಬೆಳಗಿಸುವವರಿಗೆ

ಕೇರಳ ಸರ್ಕಾರವು ಸುಮಾರು ಒಂದು ದಶಕದ ಹಿಂದೆ ಶಾಲಾ ವಿದ್ಯಾರ್ಥಿಗಳಿಗೆ ಹಂಚಿದ ರಾಸ್‌ಬೆರಿ ಪೈ ಎಂಬುದು, ಸಂಸ್ಕಾರಕ, ಸ್ಮೃತಿ ಮುಂತಾದವು ಒಂದೇ ಫಲಕದಲ್ಲಿ ಅಡಕವಾಗಿರುವ ಪುಟ್ಟ ಗಣಕ. ತಿರುವನಂತಪುರದ ಟೆಕ್ನೋಪಾರ್ಕ್ ಮತ್ತು ಕೊಚ್ಚಿಯ ಕಳಮಶ್ಶೇರಿಯಲ್ಲಿರುವ ಫ್ಯಾಬ್‌ಲ್ಯಾಬ್‌ಗಳಂಥ ಸುಸಜ್ಜಿತ ಕಾರ್ಯಾಗಾರಗಳು ದೂರವೆನಿಸುವ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದನ್ನು ಮನೆಯಲ್ಲೇ ಕಲಿಯಬಹುದು, ಕಲಿಯಲೇಬೇಕು.

ಮೊದಲ ಪ್ರಯೋಗಕ್ಕೆ ಒಂದು ಎಲ್‌ಇಡಿ ದೀಪ ಸಾಕು. ಫಲಕದ ಅಂಚಿನ 40 ಕಡ್ಡಿಗಳ ಪೈಕಿ 11ನೆಯದನ್ನು ಪೈಥಾನ್ ಭಾಷೆಯ ಜಿಪಿಐಒ ಜೀರೋ ಎಂಬ ಸಿದ್ಧ ಆದೇಶಗಳ ಸಂಗ್ರಹವು 17 ಎಂದು ಗುರುತಿಸುವುದರಿಂದ, ಆದೇಶದಲ್ಲಿ 11 ಎಂದೇ ಬರೆದ ಹೊಸಬರು ತಂತಿ ಸರಿಯಿದ್ದರೂ ದೀಪ ಉರಿಯದೆ ಕಂಗೆಡುವುದುಂಟು. ಈ ಕಡ್ಡಿಯಿಂದ ಹೊರಡುವ ತಂತಿ 330 ಓಮ್‌ನ ರೋಧಕವನ್ನು, ಅಂದರೆ ವಿದ್ಯುತ್ ಪ್ರವಾಹವನ್ನು ತಗ್ಗಿಸುವ ಬಿಡಿಭಾಗವನ್ನು, ಹಾದು ದೀಪದ ಉದ್ದನೆಯ ಕಾಲನ್ನು ಸೇರಬೇಕು. ಗಿಡ್ಡ ಕಾಲು ಭೂಸಂಪರ್ಕದ 9ನೆಯ ಕಡ್ಡಿಗೆ ಹೋಗಬೇಕು. ಕಡ್ಡಿಯ 3.3 ವೋಲ್ಟ್‌ನಲ್ಲಿ ಕೆಂಪು ದೀಪ ಸುಮಾರು 2 ವೋಲ್ಟ್ ಬಳಸಿಕೊಂಡರೆ, ಉಳಿದದ್ದು ರೋಧಕದ ಮೂಲಕ ಸುಮಾರು 4 ಮಿಲಿಆಂಪಿಯರ್ ಪ್ರವಾಹವನ್ನಷ್ಟೇ ಹರಿಸುತ್ತದೆ. ರೋಧಕವನ್ನು ಬಿಡುವುದು ಅಥವಾ 5 ವೋಲ್ಟ್ ಕಡ್ಡಿಯನ್ನು 11ನೆಯ ಕಡ್ಡಿಗೆ ತಾಗಿಸುವುದು ಫಲಕಕ್ಕೇ ಅಪಾಯಕಾರಿಯಾದ್ದರಿಂದ, ಜೋಡಣೆಯನ್ನೆಲ್ಲ ವಿದ್ಯುತ್ ತೆಗೆದೇ ಮಾಡತಕ್ಕದ್ದು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರವೂ ಬೇಕು: ಗಣಕದ ಮೆಮೊರಿ ಕಾರ್ಡಿಗೆ ಬರವಣಿಗೆ ನಡೆಯುತ್ತಿರುವಾಗ ಹಠಾತ್ತನೆ ವಿದ್ಯುತ್ ಕಡಿತವಾದರೆ ಅದರ ಕಡತಗಳು ಕೆಡಬಹುದಾದ್ದರಿಂದ, ಬರೆದ ಕ್ರಮವಿಧಿಯ ಒಂದು ಪ್ರತಿಯನ್ನು ಬೇರೆಡೆ ಉಳಿಸಿಕೊಂಡು, ಗಣಕವನ್ನು ಕ್ರಮಬದ್ಧವಾಗಿ ಮುಚ್ಚಿದ ಬಳಿಕವೇ ತಂತಿ ಕೀಳಬೇಕು.