ದೋಣಿಯ ನೆಲಕ್ಕೂ ಬಸಿಗಾಲುವೆ ಬೇಕು

ಅಡಿಕೆ ತೋಟಕ್ಕೆ ಬಸಿಗಾಲುವೆ ಏಕೆ ಬೇಕೆಂದು ನಮ್ಮ ಸದಸ್ಯ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇರಿನಲ್ಲಿ ನೀರು ನಿಂತರೆ ಮರ ಸೊರಗುವುದು ಕಣ್ಣಿಗೆ ಕಾಣುತ್ತದೆ. ಆದರೆ ನಾವು ಹಿನ್ನೀರು ದಾಟುವ ದೋಣಿಯ ನೆಲದಡಿಯಲ್ಲಿ ನೀರು ನಿಂತರೆ ಅದು ಕಾಣುವುದಿಲ್ಲ. ಹೀಗೆ ಕಾಣದಿದ್ದ ನೀರಿನಿಂದ ನಾವು ಕಲಿತದ್ದನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಹರಡಿದ ಮೇಲೆ, ಮನೆ ಈ ದಡ, ತೋಟ ಆ ದಡ ಎಂಬ ಸ್ಥಿತಿ ನಮ್ಮ ಕಡೆ ಹಲವರಿಗೆ ಬಂದಿತು. 2025ರಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದು ಹೆದ್ದಾರಿಯ ಕಷ್ಟವೇನೋ ನೀಗಿತು. ಹಿನ್ನೀರಿನ ಸಣ್ಣ ಕವಲಿನಾಚೆ ತೋಟವಿರುವ ನಮ್ಮಂಥವರಿಗೆ ಮಾತ್ರ ದೋಣಿ ತಪ್ಪಿಲ್ಲ. ನಾವು ಮೂರು ಮನೆಯವರು ಸೇರಿ ಹದಿನಾಲ್ಕು ಅಡಿ ಉದ್ದದ, ಮೀನು ಹಿಡಿಯಲು ಬಳಸುತ್ತಿದ್ದ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡೆವು. ಹಗುರ, ಇಬ್ಬರು ಸೇರಿದರೆ ದಡಕ್ಕೆ ಎಳೆಯಬಹುದು, ಹುಳು ಹಿಡಿಯುವ ಭಯವಿಲ್ಲ.

ಅದರ ತಳದಲ್ಲಿ ಅಡ್ಡಪಟ್ಟಿಗಳು ಎದ್ದುಕೊಂಡಿದ್ದುದರಿಂದ ಕಾಲಿಡಲು, ಚೀಲ ಇಡಲು ಅನುಕೂಲವಿರಲಿಲ್ಲ. ಅವುಗಳ ಮೇಲೆ ಪ್ಲೈವುಡ್ ಹಲಗೆ ಹಾಕಿಸಿ ಸಪಾಟು ನೆಲ ಮಾಡಿಸಿದೆವು. ಬಡಗಿ ಇರುವೆಯೂ ನುಸುಳದಂತೆ ಕೂರಿಸಿಕೊಟ್ಟರು. ಆ ಬಿಗಿಯನ್ನು ಕಂಡು ನಾವು ಮೆಚ್ಚಿದೆವು. ತಪ್ಪಾದದ್ದು ಅಲ್ಲಿಯೇ.

ಪುಷ್ಯ ಮಳೆಯ ಒಂದು ಬೆಳಿಗ್ಗೆ ಎರಡನೆಯ ಔಷಧಿಗೆಂದು ಮೈಲುತುತ್ತ, ಸುಣ್ಣದ ಚೀಲಗಳನ್ನು ಹೇರಿಕೊಂಡು ಮೂವರು ಹೊರಟೆವು. ನೆಲದ ಮೇಲೆ ಒಂದು ಹನಿಯೂ ನಿಂತಿರಲಿಲ್ಲ. ನಡುನೀರಿನಲ್ಲಿ ಒಬ್ಬರು ಜಾರುತ್ತಿದ್ದ ಚೀಲ ಹಿಡಿಯಲು ಬಲಕ್ಕೆ ಬಾಗಿದರು. ದೋಣಿ ಬಾಗಿತು, ಬಾಗಿದ್ದು ಮರಳಿ ಏಳಲಿಲ್ಲ. ಅಂಚಿನ ಮೇಲಿಂದ ನೀರು ಒಳಗೆ ಬಂತು. ಉಳಿದಿಬ್ಬರು ಎಡಕ್ಕೆ ಒರಗಿದ್ದರಿಂದ ದೋಣಿ ಮಗುಚಲಿಲ್ಲ. ಒಂದು ಸುಣ್ಣದ ಚೀಲ ನೀರುಪಾಲಾಯಿತು. ಮೂವರಲ್ಲಿ ಈಜು ಬರುತ್ತಿದ್ದುದು ಒಬ್ಬರಿಗೆ ಮಾತ್ರ.

ದಡ ಸೇರಿ ಹಲಗೆ ಕಿತ್ತು ನೋಡಿದರೆ ಅಡಿಯಲ್ಲಿ ಎರಡು ಬೆರಳಿನಷ್ಟು, ಅಂದರೆ ಸುಮಾರು 3 ಸೆಂಟಿಮೀಟರ್ ನೀರು. ಇಷ್ಟೇ ತಾನೆ ಎಂದು ಯಾರಾದರೂ ಹೇಳಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ನಿಂತರೆ ಒಂದು ಲೀಟರ್, ಒಂದು ಕಿಲೋ ತೂಕ. ನಮ್ಮ ಹಲಗೆಯ ಅಡಿಯ ಜಾಗ 3 ಮೀಟರ್ ಉದ್ದ, 1.2 ಮೀಟರ್ ಅಗಲ. 3 ಸೆಂಟಿಮೀಟರ್ ನೀರೆಂದರೆ 108 ಕಿಲೋ ಆಯಿತು. ಎರಡು ಗೊಬ್ಬರದ ಚೀಲಕ್ಕಿಂತ ಹೆಚ್ಚು. ಗೊಬ್ಬರದ ಚೀಲವಾದರೆ ಇಟ್ಟಲ್ಲಿ ಇರುತ್ತದೆ. ನೀರು ಹಾಗಲ್ಲ, ದೋಣಿ ಯಾವ ಕಡೆ ಬಾಗಿದರೆ ಆ ಕಡೆಗೇ ಓಡಿ ಇನ್ನಷ್ಟು ಬಾಗಿಸುತ್ತದೆ.

ನೀರು ಬಂದದ್ದು ಎಲ್ಲಿಂದ? ತೂತೇನೂ ಇರಲಿಲ್ಲ. ಮಲೆನಾಡಿನಲ್ಲಿ ರಾತ್ರಿಯೊಂದರಲ್ಲಿ 100 ಮಿಲಿಮೀಟರ್ ಮಳೆ ಬೀಳುವುದು ಅಪರೂಪವಲ್ಲ. ಅಂಥ ರಾತ್ರಿ ತೆರೆದಿಟ್ಟ ನಮ್ಮ ದೋಣಿಯೊಳಗೆ ಸುಮಾರು ಅರ್ಧ ಟನ್ ನೀರು ಬೀಳುತ್ತದೆ. ಮೇಲಿನದನ್ನು ಮೊಗೆದು ಚೆಲ್ಲುತ್ತಿದ್ದೆವು. ಸಂದಿನಲ್ಲಿ ಇಳಿದದ್ದು ಅಡಿಯಲ್ಲೇ ಉಳಿಯುತ್ತಿತ್ತು.

ಕೂಡಲೇ ನಮ್ಮಲ್ಲೊಬ್ಬರು, ನೆಲದಿಂದ ಹೊರಕ್ಕೆ ಒಂದು ಕೊಳವೆ ಇಟ್ಟರೆ ನೀರು ತಾನೇ ಹೋಗುತ್ತದಲ್ಲ ಎಂದರು. ಸಾಕಷ್ಟು ಮಂದಿಗೆ ಮೊದಲು ಹೊಳೆಯುವ ಉಪಾಯ ಇದು, ಅಪಾಯವೂ ಇದೇ. ಹೊರಗಿನ ನೀರಿನ ಮಟ್ಟಕ್ಕಿಂತ ನೆಲ ಎತ್ತರದಲ್ಲಿದ್ದರೆ ಮಾತ್ರ ನೀರು ಹೊರಕ್ಕೆ ಹರಿಯುತ್ತದೆ. ದೊಡ್ಡ ದೋಣಿಗಳಲ್ಲಿ ಹಾಗಿರುತ್ತದೆ. ಸಣ್ಣ ದೋಣಿಯಲ್ಲಿ ನೆಲ ತಳದಿಂದ ಎರಡು ಅಂಗುಲ ಮೇಲಿದ್ದರೆ ಹೆಚ್ಚು. ಜನ, ಸಾಮಾನು ಸೇರಿ 400 ಕಿಲೋ ಆದರೆ ನಮ್ಮ ದೋಣಿ ನಾಲ್ಕು ಅಂಗುಲ ಮುಳುಗುತ್ತದೆ. ಅಂಥಲ್ಲಿ ಕೊಳವೆ ಇಟ್ಟರೆ ಹೊಳೆಯನ್ನೇ ಒಳಗೆ ಕರೆದಂತೆ. ಅನುಮಾನವಿದ್ದವರು ಎಂದಿನ ಭಾರ ಹೇರಿ, ಹೊರಗಡೆ ನೀರಿನ ಗೆರೆ ಗುರುತು ಮಾಡಿ, ಒಳಗಿನ ನೆಲದ ಎತ್ತರದೊಂದಿಗೆ ಅಳೆದು ನೋಡಬೇಕು.

ಆದುದರಿಂದ ಸಣ್ಣ ದೋಣಿಯಲ್ಲಿ ನೆಲದ ನೀರನ್ನು ಹೊರಕ್ಕಲ್ಲ, ಹಿಂಭಾಗದ ಒಂದು ತಗ್ಗಿಗೆ ತರುವುದು ಸರಿಯಾದ ಕ್ರಮ. ಅಲ್ಲಿಂದ ನೀರಿನ ಮೇಲಿರುವಾಗ ಕೈಪಂಪಿನಿಂದಲೋ ಚೊಂಬಿನಿಂದಲೋ ತೆಗೆಯುವುದು, ದಡದ ಮೇಲಿರುವಾಗ ಬಿರಡೆ ಬಿಚ್ಚಿ ಬಿಡುವುದು. ತೋಟದಲ್ಲಿ ಸಾಲಿನ ನೀರನ್ನು ದೊಡ್ಡ ಕಾಲುವೆಗೆ ಕೂಡಿಸುವಂತೆಯೇ.

ನಾವು ಮಾಡಿದ್ದು ಹೀಗೆ. ಒಂದೇ ಹಲಗೆಯ ಬದಲು ಮೂರು ತುಂಡು ಮಾಡಿ, ಬೇಕೆಂದಾಗ ಎತ್ತುವಂತೆ ಇಟ್ಟೆವು. ಎರಡೂ ಬದಿಗೆ ಕಿರುಬೆರಳಿನಷ್ಟು ಸಂದು ಬಿಟ್ಟೆವು. ಹಿಂದಿನ ತುಂಡಿನಲ್ಲಿ ಒಂದು ಅಂಗುಲದ ನಾಲ್ಕು ತೂತು ಕೊರೆದು, ಅಡಿಕೆ ಸಿಪ್ಪೆ, ಎಲೆ ಇಳಿಯದಂತೆ ಪ್ಲಾಸ್ಟಿಕ್ ಬಲೆ ಕಟ್ಟಿದೆವು. ತಗ್ಗಿನ ನೇರಕ್ಕೆ ಕೈ ಹಿಡಿಯುವಷ್ಟು ಚೌಕ ಕತ್ತರಿಸಿ ಮುಚ್ಚಳ ಇಟ್ಟೆವು. ಹೊರಡುವ ಮುನ್ನ ಮುಚ್ಚಳ ತೆಗೆದು ನೋಡುವುದು ಈಗ ರೂಢಿಯಾಗಿದೆ. ಪ್ಲೈವುಡ್ಡಿನ ಕತ್ತರಿಸಿದ ಪ್ರತಿಯೊಂದು ಅಂಚಿಗೂ, ತೂತಿನ ಒಳಮೈಗೂ ಎರಡು ಸಲ ಬಣ್ಣ ಹಚ್ಚಬೇಕು. ಇಲ್ಲವಾದರೆ ಅಲ್ಲಿಂದಲೇ ನೀರು ಕುಡಿದು ಪದರ ಬಿಡುತ್ತದೆ.

ಅಡ್ಡಪಟ್ಟಿಗಳು ತಳಕ್ಕೆ ಪೂರ್ತಿ ಅಂಟಿಕೊಂಡಿದ್ದರೆ ನೀರು ಅವುಗಳ ನಡುವೆ ಗದ್ದೆಯ ಬದುವಿನಲ್ಲಿ ನಿಂತಂತೆ ನಿಲ್ಲುತ್ತದೆ. ನಮ್ಮ ದೋಣಿಯಲ್ಲಿ ನಡುವೆ ಕಂಡಿಗಳಿದ್ದವು, ಕೆಸರು ಕಟ್ಟಿ ಮುಚ್ಚಿದ್ದವು ಅಷ್ಟೆ. ಕಂಡಿಯೇ ಇಲ್ಲದಿದ್ದರೆ ತಾವೇ ಗರಗಸ ಹಿಡಿಯಬಾರದು. ದೋಣಿಯ ಬಲವಿರುವುದು ಆ ಪಟ್ಟಿಗಳಲ್ಲಿ. ಅಲ್ಯೂಮಿನಿಯಂ ಬೆಸುಗೆ ಬಲ್ಲವರಿಗೆ ತೋರಿಸಿ ಮಾಡಿಸತಕ್ಕದ್ದು.

ಬಿರಡೆಯ ತೂತನ್ನು ತಳದಲ್ಲಿ ಕೊರೆಯಬಾರದು. ದೋಣಿಯ ಹಿಂದಿನ ನೆಟ್ಟಗಿನ ಗೋಡೆಯಲ್ಲಿ, ಬೆಸುಗೆ ಮತ್ತು ರಿವೆಟ್ಟುಗಳಿಂದ ದೂರವಾಗಿ, ಆದಷ್ಟು ಕೆಳಗೆ ಕೊರೆಯಬೇಕು. ಅಂಗಡಿಯಲ್ಲಿ ಹಿತ್ತಾಳೆಯ ಕೊಳವೆ ಕೊಟ್ಟರೆ ಬೇಡವೆನ್ನಿ. ಹಿತ್ತಾಳೆಯಲ್ಲಿ ತಾಮ್ರವಿದೆ, ತಾಮ್ರ, ಅಲ್ಯೂಮಿನಿಯಂ ಎರಡೂ ತಾಗಿಕೊಂಡು ಒದ್ದೆಯಲ್ಲಿದ್ದರೆ ಸವೆಯುವುದು ಅಲ್ಯೂಮಿನಿಯಂ. ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಕೊಳವೆ ಹಾಕಿ, ಸುತ್ತ ದೋಣಿಗೆ ಬಳಸುವ ಪಾಲಿಯುರೆಥೇನ್ ಅಂಟು ಹಾಕಬೇಕು. ಕೊರೆದ ಲೋಹದ ಪುಡಿಯನ್ನು ಗುಡಿಸಿ ತೆಗೆಯಲು ಮರೆಯಬಾರದು.

ಈಗ ತಾಮ್ರದ ಮಾತು ಬಂದದ್ದರಿಂದ ಮೈಲುತುತ್ತದ ವಿಷಯ. ಬೋರ್ಡೋ ದ್ರಾವಣದಲ್ಲಿ ಚಾಕು ಅದ್ದಿ, ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದೆಂದು ನಾವೆಲ್ಲ ತಿಳಿಯುತ್ತೇವಲ್ಲವೆ? ದ್ರಾವಣದ ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣ ಕರಗುವುದೇ ಆ ಪರೀಕ್ಷೆ. ಅದೇ ಕೆಲಸ ದೋಣಿಯ ತಳದಲ್ಲೂ ನಡೆಯುತ್ತದೆ. ನಮ್ಮ ಹಲಗೆ ಎತ್ತಿದಾಗ, ಚೀಲದಿಂದ ಉದುರಿದ ಮೈಲುತುತ್ತ ನೀರಿನಲ್ಲಿ ಕರಗಿ ನಿಂತಿದ್ದ ಕಡೆ ಬಿಳಿ ಪುಡಿ, ಅದನ್ನು ಕೆರೆದರೆ ಗುಂಡುಸೂಜಿಯ ತಲೆಯಷ್ಟು ಗುಳಿಗಳು. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಸಹ ಅಲ್ಯೂಮಿನಿಯಮ್ಮಿನ ಮೇಲಿನ ತೆಳು ರಕ್ಷಾಪದರವನ್ನು ಒಡೆಯುತ್ತದೆ, ಸುಣ್ಣವೂ ಬಿಡುವುದಿಲ್ಲ. ಆದ್ದರಿಂದ ಈ ಚೀಲಗಳನ್ನು ಪ್ಲಾಸ್ಟಿಕ್ ಬುಟ್ಟಿಯಲ್ಲಿಟ್ಟೇ ಸಾಗಿಸಬೇಕು. ಏನಾದರೂ ಉದುರಿದ ದಿನ ದೋಣಿಯನ್ನು ದಡದಿಂದ ಸಾಕಷ್ಟು ಮೇಲಕ್ಕೆಳೆದು ತೊಳೆಯಬೇಕು. ತಾಮ್ರ ಮೀನಿಗೆ ವಿಷ, ಆ ತೊಳೆದ ನೀರು ಹಿನ್ನೀರಿಗೆ ಹೋಗಬಾರದು. ಮರ ಕೆಡದಿರಲು ತಾಮ್ರ ಬೆರೆತ ಔಷಧಿ ಹಾಕಿದ ಹಲಗೆಯಾದರೆ, ಅದಕ್ಕೂ ಪಟ್ಟಿಗೂ ನಡುವೆ ರಬ್ಬರ್ ತುಂಡು ಕೊಡಬೇಕು.

ಕೆಲಸ ಮುಗಿದ ಮೇಲೆ ದೋಣಿಗೆ ಅಡಿಯಿಂದ ಒಳ್ಳೆಯ ಆಸರೆ ಕೊಟ್ಟು, ಒಳಗೆ ಎರಡು ಅಂಗುಲ ನೀರು ತುಂಬಿ ಹೊರಗಿನಿಂದ ನೋಡಿದೆವು. ಎರಡು ರಿವೆಟ್ಟುಗಳಲ್ಲಿ ಹನಿ ಒಸರಿತು, ಅವನ್ನೂ ಸರಿಪಡಿಸಿದೆವು. ಆಮೇಲೆ ಮುಂಭಾಗವನ್ನು ಎತ್ತಿ ಬಿರಡೆ ಬಿಚ್ಚಿದಾಗ ಎಲ್ಲ ನೀರೂ ಇಳಿದು ತಳ ಬರಿದಾಯಿತು.

ಈಗ ಮಳೆಗಾಲದ ರಾತ್ರಿ ದೋಣಿಯನ್ನು ದಡಕ್ಕೆಳೆದು, ಮೂತಿ ಎತ್ತರಿಸಿ, ಬಿರಡೆ ಬಿಚ್ಚಿ ಬಿಡುತ್ತೇವೆ. ಬಿರಡೆಗೊಂದು ದಾರ ಕಟ್ಟಿ ಅದನ್ನು ಹುಟ್ಟಿನ ಹಿಡಿಗೇ ಬಿಗಿದಿದ್ದೇವೆ. ಹುಟ್ಟು ಕೈಗೆತ್ತಿಕೊಳ್ಳುವವರಿಗೆ ಬಿರಡೆ ಹಾಕದೆ ಹೊರಡಲು ಸಾಧ್ಯವಿಲ್ಲ.